64 ಪುಟದ ಆಟ, 384 ಪುಟದ ಆಟ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1981ರ ಬೇಸಿಕ್ ನಿಯಮ ಪುಸ್ತಕಕ್ಕೆ 64 ಪುಟ. ಅದೇ ಆಟದ 2024ರ ಆಟಗಾರರ ಕೈಪಿಡಿಗೆ 384 ಪುಟ. ಮೊದಲನೆಯದು ಆಟದ ಮೊದಲ ಮೂರು ಹಂತಗಳಿಗಷ್ಟೇ ಸಾಕಾಗುವಂಥದ್ದು, ನಿಜ. ಆದರೆ ಅಷ್ಟರೊಳಗೇ ಪಾತ್ರ ಕಟ್ಟುವುದು, ಮಂತ್ರಗಳು, ವಿಚಿತ್ರ ಪ್ರಾಣಿಗಳು, ನಿಧಿ, ಆಟ ನಡೆಸುವ ಬಗೆ ಎಲ್ಲವೂ ಇದೆ. ಎರಡನೆಯದು ಆಟಗಾರರಿಗೆ ಮಾತ್ರ. ಆಟ ನಡೆಸುವವರಿಗೆ ಒಂದು, ಪ್ರಾಣಿಗಳಿಗೆ ಒಂದು ಎಂದು ಬೇರೆಯೇ ದಪ್ಪ ಪುಸ್ತಕಗಳಿವೆ. ನಡುವಿನ ನಲವತ್ತಮೂರು ವರ್ಷಗಳಲ್ಲಿ ಇಷ್ಟೆಲ್ಲ ಪುಟಗಳಲ್ಲಿ ಬಂದು ಸೇರಿದ್ದೇನು ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದಕ್ಕೆ ಮಣೆ ಬೇಕೇ ಬೇಕೆಂದಿಲ್ಲ. ಒಬ್ಬರು ಡಂಜನ್ ಮಾಸ್ಟರ್; ಅವರು ಒಂದು ಜಗತ್ತನ್ನು ಬಾಯಲ್ಲೇ ಬಣ್ಣಿಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದು ತೀರಾ ಅಪರಿಚಿತ ಅನ್ನಿಸಲಾರದು. ಕೂತಲ್ಲೇ, ವೇಷವಿಲ್ಲದೆ, ಬರೀ ಮಾತಿನಲ್ಲಿ ಪಾತ್ರ. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಈ ಆಟ ಹೊರಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇಬ್ಬರೂ ಪುಟ್ಟ ಗೊಂಬೆಸೈನಿಕರನ್ನು ಮೇಜಿನ ಮೇಲೆ ಜೋಡಿಸಿ ಯುದ್ಧದಾಟ ಆಡುತ್ತಿದ್ದವರು. ಒಂದು ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಿಕೆ, ಮೊದಲ ಮುದ್ರಣ ಸಾವಿರ ಪ್ರತಿ. ಆಮೇಲೆ 1989ರಲ್ಲಿ ಎರಡನೆಯ ಆವೃತ್ತಿ, 2000ದಲ್ಲಿ ಮೂರನೆಯದು, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು, 2024ರಲ್ಲಿ ಅದರ ಪರಿಷ್ಕರಣೆ.

ನನ್ನದು ಗ್ರಂಥಸಂಪಾದನೆಯ ಅಧ್ಯಯನ. ಓಲೆಗರಿ ಪ್ರತಿಗಳನ್ನು ಎದುರುಬದುರು ಇಟ್ಟು ಪಾಠಾಂತರ ಗುರುತಿಸಿ, ಕವಿ ಬರೆದದ್ದಕ್ಕೆ ಹತ್ತಿರದ ಪಾಠ ಯಾವುದೆಂದು ಹುಡುಕುವುದು ನಮ್ಮ ಕೆಲಸ. ಈ ಆಟದ ಆವೃತ್ತಿಗಳಿಗೆ ಆ ಅಳತೆಗೋಲು ಒಗ್ಗುವುದಿಲ್ಲ. ಇಲ್ಲಿ ಹಳೆಯದು ಶುದ್ಧಪಾಠವೂ ಅಲ್ಲ, ಹೊಸದು ಲಿಪಿಕಾರನ ತಿದ್ದುಪಡಿಯೂ ಅಲ್ಲ. ಮನುಷ್ಯನ ಸಾಮರ್ಥ್ಯ ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳಿವು. ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ನಾವು ಐವರು ಸಂಶೋಧನಾ ವಿದ್ಯಾರ್ಥಿಗಳು ಎರಡು ವರ್ಷದಿಂದ ಶನಿವಾರ ಸಂಜೆ, ಖಾಲಿ ಕ್ಯಾಂಟೀನಿನಲ್ಲಿ ಕೂತು ಆಡಿ ಕಂಡುಕೊಂಡದ್ದು. ಹೊಸ ನಿಯಮದಿಂದ ಶುರುಮಾಡಿ, ಕುತೂಹಲಕ್ಕೆಂದು ಹಳೆಯದಕ್ಕೆ ಹೋದವರು ನಾವು.

ಪಾತ್ರ ಹುಟ್ಟುವ ಬಗೆಯಲ್ಲೇ ಎರಡರ ದಾರಿ ಬೇರೆಯಾಗುತ್ತದೆ. 1981ರಲ್ಲಿ ಆರು ಮುಖದ ಮೂರು ದಾಳಗಳನ್ನು ಆರು ಸಲ ಉರುಳಿಸಬೇಕು. ಬಿದ್ದ ಸಂಖ್ಯೆಗಳೇ ಕ್ರಮವಾಗಿ ನಿಮ್ಮ ಬಲ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ವರ್ಚಸ್ಸು. 18 ಬೀಳುವ ಸಾಧ್ಯತೆ 216ರಲ್ಲಿ ಒಂದು. ಹಣೆಬರಹ ಓದಿಕೊಂಡ ಮೇಲೆ ಯೋಧನೋ ಕಳ್ಳನೋ ತೀರ್ಮಾನಿಸಬೇಕು. ಕಳ್ಳನಾದರೆ ನಾಲ್ಕು ಮುಖದ ಒಂದು ದಾಳ ಉರುಳಿಸಿದಷ್ಟು ಜೀವ; ಒಂದು ಬಿದ್ದರೆ ಒಂದೇ. 2024ರಲ್ಲಿ 15, 14, 13, 12, 10, 8 ಎಂಬ ಆರು ಸಂಖ್ಯೆಗಳನ್ನು ಬೇಕಾದಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೇ 27 ಅಂಕಗಳಲ್ಲಿ ಖರೀದಿಸಬಹುದು. ದಾಳವೇ ಬೇಕೆಂದರೂ ನಾಲ್ಕು ಉರುಳಿಸಿ ಚಿಕ್ಕದನ್ನು ಬಿಟ್ಟುಬಿಡುವ ಸೌಲಭ್ಯವಿದೆ. ಹೊಸ ಆಟದಲ್ಲಿ ನಮ್ಮ ಸೂಕ್ಷ್ಮಜೀವಶಾಸ್ತ್ರದ ಗೆಳೆಯ ತನ್ನ ಪಾತ್ರಕ್ಕೆ ಎರಡು ಪುಟ ಪೂರ್ವಕಥೆ ಬರೆದು ತಂದಿದ್ದ. ಹಳೆಯ ಆಟದಲ್ಲಿ ಅವನು ಹೆಸರೊಂದನ್ನು ಗೀಚಿ ಸುಮ್ಮನಾದ. ಅಲ್ಲಿ ಪಾತ್ರಕ್ಕೆ ಪೂರ್ವಕಥೆ ಇರುವುದಿಲ್ಲ, ಬದುಕಿ ಉಳಿದರೆ ಕಥೆ ಹುಟ್ಟುತ್ತದೆ.

ಬದುಕಿ ಉಳಿಯುವುದೇ ಕಷ್ಟ. 1981ರ ನಿಯಮದಲ್ಲಿ ಹಿಟ್ ಪಾಯಿಂಟ್, ಅಂದರೆ ಪಾತ್ರದಲ್ಲಿ ಉಳಿದಿರುವ ಜೀವದ ಲೆಕ್ಕ, ಸೊನ್ನೆಗಿಳಿದರೆ ಸಾವು. ಗಾಯವಾದರೆ ಇಡೀ ದಿನ ಮಲಗಿದರೂ ಒಂದರಿಂದ ಮೂರು ಮಾತ್ರ ಮರಳುತ್ತದೆ. ಹೊಸದರಲ್ಲಿ ಸೊನ್ನೆಗಿಳಿದವರು ಪ್ರಜ್ಞೆ ತಪ್ಪುತ್ತಾರೆ. ಸರದಿ ಬಂದಾಗಲೆಲ್ಲ 20 ಮುಖದ ದಾಳ ಉರುಳಿಸುತ್ತಾರೆ. ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಸೋಲು. ಮೂರು ಸೋಲಾದರೆ ಮಾತ್ರ ಸಾವು. ಎಂಟು ಗಂಟೆ ವಿಶ್ರಾಂತಿ ಸಿಕ್ಕರೆ ಕಳೆದ ಜೀವವೆಲ್ಲ ವಾಪಸು.

ಇದಕ್ಕೆ ಇನ್ನೊಂದು ಲೆಕ್ಕವನ್ನು ಸೇರಿಸಿ ನೋಡಬೇಕು. ಹಳೆಯ ಆಟದಲ್ಲಿ ಅನುಭವಾಂಕ ಬರುವುದು ಬಹುಪಾಲು ಚಿನ್ನದಿಂದ. ಒಂದು ಚಿನ್ನದ ನಾಣ್ಯ ಹೊತ್ತು ತಂದರೆ ಒಂದು ಅಂಕ. ಎರಡನೆಯ ಹಂತಕ್ಕೇರಲು ಕಳ್ಳನಿಗೆ 1200 ಅಂಕ, ಯೋಧನಿಗೆ 2000. ಪ್ರಾಣಿ ಕೊಂದರೆ ಸಿಗುವುದು ಪುಡಿಗಾಸು. ಹಾಗಾಗಿ ಜಗಳ ತಪ್ಪಿಸಿ ಗಂಟು ಹೊತ್ತು ಓಡುವವನೇ ಜಾಣ. ಎದುರಾದ ಪ್ರಾಣಿಯೂ ತಕ್ಷಣ ಮೈಮೇಲೆ ಬೀಳಬೇಕೆಂದಿಲ್ಲ. ಎರಡು ದಾಳಗಳ ಮೊತ್ತ ಎರಡಾದರೆ ದಾಳಿ, ಹನ್ನೆರಡಾದರೆ ಸ್ನೇಹ, ನಡುವೆ ಅನುಮಾನದ ನಾನಾ ಮೆಟ್ಟಿಲು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಳೆಯದು ನಿಧಿಗಳ್ಳರ ಆಟ, ಹೊಸದು ವೀರರ ಆಟ. ಹಾಳು ದೇಗುಲದಲ್ಲಿ ರಾತ್ರಿ ಗುದ್ದಲಿ ಹಿಡಿದು ಹೋದವನಿಗೆ ಹಾವಿನ ಭಯ ಇರಬೇಕಾದಷ್ಟು ಇರುತ್ತದೆ. ವೀರನಿಗೆ ಆ ಭಯ ಶೋಭಿಸುವುದಿಲ್ಲ.

ಇನ್ನು ಗೋಡೆಯ ವಿಷಯ. ನೆಲಮಾಳಿಗೆಯ ದಾರಿ ಒಂದು ಗೋಡೆಗೆ ಬಂದು ನಿಂತಿದೆ, ಅದರಲ್ಲಿ ಗುಪ್ತ ಬಾಗಿಲಿರಬಹುದು ಅಂದುಕೊಳ್ಳಿ. ಹೊಸ ಕೈಪಿಡಿಯಲ್ಲಿ ಪರ್ಸೆಪ್ಶನ್, ಇನ್ವೆಸ್ಟಿಗೇಶನ್, ಪರ್ಸುಯೇಶನ್ ಮುಂತಾಗಿ 18 ಕೌಶಲಗಳ ಪಟ್ಟಿಯಿದೆ. ಆಟಗಾರ ‘ಇನ್ವೆಸ್ಟಿಗೇಶನ್ ಚೆಕ್’ ಎನ್ನುತ್ತಾನೆ, ದಾಳ ಉರುಳುತ್ತದೆ, ಬಾಗಿಲು ಸಿಕ್ಕಿತು ಅಥವಾ ಇಲ್ಲ. 1981ರ ಪುಸ್ತಕದಲ್ಲೂ ಇದಕ್ಕೊಂದು ದಾಳವಿದೆ, ಆದರೆ ಸಿಗುವ ಸಾಧ್ಯತೆ ಆರರಲ್ಲಿ ಒಂದು. ಮೊದಲ ಹಂತದ ಕಳ್ಳನಿಗೆ ಬಲೆ ಪತ್ತೆಯಾಗುವ ಸಾಧ್ಯತೆ ನೂರಕ್ಕೆ ಹತ್ತು. ಇಷ್ಟು ಕಡಿಮೆಯಾದರೆ ದಾಳವನ್ನು ನಂಬಿ ಯಾರು ಕೂರುತ್ತಾರೆ? ಗತಿಯಿಲ್ಲದೆ ಬಾಯಿ ಬಿಡಬೇಕಾಗುತ್ತದೆ. ಹತ್ತಡಿ ಕೋಲಿನಿಂದ ನೆಲ ತಿವಿದೆ, ನೀರು ಸುರಿದು ಯಾವ ಬಿರುಕಿಗೆ ಇಳಿಯುತ್ತದೆಂದು ನೋಡಿದೆ, ದೀಪದ ಕುಡಿ ಯಾವ ಕಡೆ ಬಾಗುತ್ತದೆಂದು ಗಮನಿಸಿದೆ ಎನ್ನಬೇಕು. ಹಳೆಯ ಶೈಲಿಗೆ ಮರಳಿದವರ ಪರವಾಗಿ ಮ್ಯಾಥ್ಯೂ ಫಿಂಚ್ 2008ರಲ್ಲಿ ಬರೆದ ಕಿರುಪುಸ್ತಿಕೆ ಈ ಬಗೆಯ ಆಟವನ್ನೇ ವಿವರಿಸುತ್ತದೆ. ಬರೆದಿಟ್ಟ ನಿಯಮಕ್ಕಿಂತ ಆ ಕ್ಷಣದ ತೀರ್ಪು ಮುಖ್ಯ ಎಂಬುದು ಅದರ ಸಾರ.

ಫಿಂಚ್ ಬರೆಯದ, ಬರೆಯಲು ಕಾರಣವೂ ಇಲ್ಲದ ಒಂದು ಸಂಗತಿ ನಮ್ಮ ಮೇಜಿನ ಮೇಲೆ ನಡೆಯಿತು. ಹೊಸ ನಿಯಮದಲ್ಲಿ ಆಡುವಾಗ ನಾವೆಲ್ಲ ಕನ್ನಡಿಗರೇ ಆಗಿದ್ದರೂ ನಮ್ಮ ಆಟ ಇಂಗ್ಲಿಷಿನಲ್ಲಿ ಸಾಗುತ್ತಿತ್ತು. ಕನ್ನಡ ಬರುತ್ತಿದ್ದದ್ದು ಚಹಾ ಹೇಳಲು, ಒಬ್ಬರನ್ನೊಬ್ಬರು ರೇಗಿಸಲು. ಕಾರಣ ಸರಳ. ಮಾಡಬಹುದಾದ ಕೆಲಸಗಳಿಗೆಲ್ಲ ಪುಸ್ತಕವೇ ಹೆಸರಿಟ್ಟಿದೆ. ಆ ಹೆಸರು ಕರೆದರೆ ಕೆಲಸ ಆದಂತೆ. ಹಳೆಯ ನಿಯಮಕ್ಕೆ ಹೋದ ಎರಡನೆಯ ವಾರ, ಅಂಥದೇ ಒಂದು ಗೋಡೆಯ ಮುಂದೆ ಕಲಬುರಗಿಯ ಗೆಳೆಯ ಕೈಯಲ್ಲಿದ್ದ ದಾಳ ಕೆಳಗಿಟ್ಟು, “ಗ್ವಾಡಿಗಿ ಕಿವಿ ಹಚ್ಚಿ ಬಡದು ನೋಡ್ತೀನಿ. ಟೊಳ್ಳು ಸಪ್ಪಳ ಬರ್ತದೇನು?” ಅಂದ. ಪುತ್ತೂರಿನವಳು ಬಿಡಲಿಲ್ಲ. “ಮೊದಲು ಬುಡಕ್ಕೆ ನೀರು ಹಾಕಿ ನೋಡುವ ಮಾರಾಯ, ಎಲ್ಲಿ ಹೋಗ್ತದೆ ಅಂತ.” ಆವತ್ತು ಆಟ ನಡೆಸುತ್ತಿದ್ದವನು ನಾನು. ನನ್ನ ಬಾಯಿಂದಲೂ ಹಾವಸೆ, ಗಾರೆ, ಕಿಲುಬು ಅನ್ನುವ, ವರ್ಷಗಳಿಂದ ಬಳಸದ ಪದಗಳು ಬಂದವು. ಪುಸ್ತಕ ಹೆಸರಿಡದೆ ಬಿಟ್ಟ ಜಾಗಕ್ಕೆ ಅವರವರ ಊರಿನ ಮಾತು ಬಂದು ಕೂತಿತ್ತು. ಆ ಪುಸ್ತಕವೂ ಇಂಗ್ಲಿಷಿನದೇ. ಆದರೆ ಅದರ ಮೌನ ಇಂಗ್ಲಿಷಿನದಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹಳೆಯದರ ಹೊಗಳಿಕೆಯಾಗಿ ಬಿಡುತ್ತದೆ. ನಮ್ಮ ಐವರಲ್ಲಿ ಒಬ್ಬಳು ಗಣಿತದವಳು. ಅವಳಿಗೆ ಮಾತು ತಡವರಿಸುತ್ತದೆ. ಗುಂಪಿನಲ್ಲಂತೂ ಅವಳು ವಾಕ್ಯ ಮುಗಿಸುವ ಮೊದಲೇ ಯಾರಾದರೂ ಮುಗಿಸಿಕೊಡುತ್ತಾರೆ. ಹೊಸ ನಿಯಮದಲ್ಲಿ ಅವಳು ಆರಿಸಿಕೊಂಡಿದ್ದು ಊರೂರು ತಿರುಗುವ ಹಾಡುಗಾರ್ತಿಯ ಪಾತ್ರ. ಪರ್ಸುಯೇಶನ್‌ಗೆ ಮೂರನೆಯ ಹಂತದಲ್ಲೇ +7. ಕೋಟೆಯ ಬಾಗಿಲಲ್ಲಿ ನಾವು ನಾಲ್ವರೂ ವಾದಿಸಿ ಸೋತಾಗ ಅವಳು ಒಂದೇ ಮಾತು ಹೇಳಿ ದಾಳ ಉರುಳಿಸಿದಳು. 14 ಬಿತ್ತು, ಒಟ್ಟು 21. ಕಾವಲುಗಾರ ಬಾಗಿಲು ತೆರೆದ. ಹಳೆಯ ನಿಯಮದಲ್ಲಿ ಅವಳಿಗೆ ಆ ದಾರಿ ಇಲ್ಲ. ನಮಗೆಲ್ಲ ಕನ್ನಡ ಉಕ್ಕಿ ಬರುತ್ತಿದ್ದ ಅದೇ ವಾರಗಳಲ್ಲಿ ಅವಳು ಮೌನವಾಗುತ್ತ ಹೋದಳು. ಒಂದು ದಿನ ಕೇಳಿಯೇ ಬಿಟ್ಟಳು: “ಭೀಮನ ಪಾತ್ರ ಮಾಡುವವನು ಇಲ್ಲಿ ನಿಜವಾದ ಗದೆ ಎತ್ತಿ ತೋರಿಸಬೇಕಾ? ಬಲಕ್ಕೆ ದಾಳ ಸಾಕು ಅಂತಾದರೆ, ಮಾತಿಗೆ ಮಾತ್ರ ನನ್ನ ನಾಲಿಗೆ ಯಾಕೆ ಬೇಕು?”

ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಬೆಳೆದ 320 ಪುಟಗಳು ಏಕೆ ಬೇಕಾದವು ಎಂಬುದಕ್ಕೆ ಮಾತ್ರ ಅದರಲ್ಲೇ ಒಂದು ಉತ್ತರವಿತ್ತು. ಹಳೆಯ ಆಟ ಸಾಮರ್ಥ್ಯವನ್ನು ಆಟಗಾರನಲ್ಲಿ ಹುಡುಕುತ್ತದೆ; ಅವನ ಜಾಣತನ, ಅವನ ವಾಚಾಳಿತನ, ಆಟ ನಡೆಸುವವನೊಂದಿಗಿನ ಅವನ ಸಲುಗೆ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಹೊಸದು ಸಾಮರ್ಥ್ಯವನ್ನು ಪಾತ್ರದ ಹಾಳೆಯಲ್ಲಿ ಬರೆದಿಡುತ್ತದೆ. ಬರೆದಿಟ್ಟದ್ದನ್ನು ಯಾರೂ ಕಸಿದುಕೊಳ್ಳಲಾರರು. ಹಕ್ಕು ಎನ್ನುವುದು ಇರುವುದೇ ಹಾಗೆ: ಉದ್ದ, ನೀರಸ, ಆದರೆ ದುರ್ಬಲರ ಕೈಯಲ್ಲಿ ಉಪಯೋಗಕ್ಕೆ ಬರುವಂಥದ್ದು.

ಹಳೆಯ ಪುಸ್ತಕಗಳೂ ಎಲ್ಲಿ ಬರೆದವೋ ಅಲ್ಲಿ ಯಾವಾಗಲೂ ನ್ಯಾಯವಾಗಿ ಬರೆಯಲಿಲ್ಲ. ಬೇಸಿಕ್‌ಗಿಂತ ವಿಸ್ತಾರವಾದ ಅಡ್ವಾನ್ಸ್ಡ್ ಆಟದ 1978ರ ಕೈಪಿಡಿಯಲ್ಲಿ ಹೆಣ್ಣುಪಾತ್ರಗಳ ಬಲಕ್ಕೆ ಗಂಡುಪಾತ್ರಗಳಿಗಿಂತ ಕಡಿಮೆ ಮಿತಿ ಹಾಕಿದ್ದರು. 1989ರ ಆವೃತ್ತಿ ಅದನ್ನು ಕೈಬಿಟ್ಟಿತು. ಯಕ್ಷಿಣಿ ಮಂದಿ, ಕುಳ್ಳರು ಮುಂತಾದವರನ್ನು ಬಹುಕಾಲ ರೇಸ್ ಎಂಬ ಪದದಿಂದ ಕರೆದು, ಹುಟ್ಟಿನಿಂದಲೇ ಬುದ್ಧಿಗೆ ಇಷ್ಟು, ಬಲಕ್ಕೆ ಇಷ್ಟು ಎಂದು ಕೂಡಿಸಿ ಕಳೆಯುತ್ತಿದ್ದರು. 2024ರಲ್ಲಿ ಆ ಪದ ಹೋಗಿ ಸ್ಪೀಷೀಸ್ ಬಂತು. ಕೂಡಿಸುವ ಅಂಕಗಳು ಹುಟ್ಟಿನಿಂದ ಕಳಚಿ, ಪಾತ್ರ ಹಿಂದೆ ಮಾಡುತ್ತಿದ್ದ ಕಸುಬಿನ ಕಡೆಗೆ ಸರಿದವು. ಡ್ರ್ಯಾಗನ್ನುಗಳ ಆಟದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹುಟ್ಟಿಗೆ ಅಂಕ ಕೊಡುವುದು ಏನೆಂದು ನಮ್ಮ ನೆಲದವರಿಗೆ ವಿವರಿಸಬೇಕಾಗಿಲ್ಲ.

ಈಗ ನಾವು ಆಡುತ್ತಿರುವುದು 2024ರ ನಿಯಮವನ್ನೇ, ಎರಡು ತಿದ್ದುಪಡಿಗಳೊಂದಿಗೆ. ಒಂದು, ‘ಚೆಕ್’ ಎಂಬ ಪದವನ್ನು ಆಟಗಾರರು ಬಳಸುವಂತಿಲ್ಲ. ಏನು ಮಾಡುತ್ತೇವೆಂದು ಮೊದಲು ಒಂದು ವಾಕ್ಯ ಹೇಳಬೇಕು, ದಾಳ ಬೇಕೋ ಬೇಡವೋ ಎಂಬುದು ಆಮೇಲೆ. ಎರಡು, ಆ ವಾಕ್ಯ ಎಷ್ಟು ಚಂದವಾಗಿತ್ತು ಎಂಬುದಕ್ಕೆ ಬೆಲೆಯಿಲ್ಲ. ಏನು ಹೇಳಿದರು ಎಂಬುದಷ್ಟೇ ಲೆಕ್ಕಕ್ಕೆ. ಹೇಗೆ ಹೇಳಿದರು ಎಂಬುದನ್ನು ಪಾತ್ರದ ಅಂಕ ನೋಡಿಕೊಳ್ಳುತ್ತದೆ. ವಾಕ್ಯವನ್ನು ಬೇರೆಯವರು ಮುಗಿಸಿಕೊಡುವಂತಿಲ್ಲ ಎಂಬುದನ್ನು ಎಲ್ಲೂ ಬರೆದಿಟ್ಟಿಲ್ಲ, ಪಾಲಿಸುತ್ತೇವೆ. ಇದರಿಂದ ಆಟ ನಿಧಾನವಾಗಿದೆ. ಹೋದ ತಿಂಗಳು ಇನ್ನೊಂದು ಕೋಟೆ ಬಾಗಿಲಲ್ಲಿ ಗಣಿತದವಳು ಸಾಕಷ್ಟು ಹೊತ್ತು ತೆಗೆದುಕೊಂಡು, “ಕಾವಲುಗಾರನ ಹತ್ತಿರ ಅವನ ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳ್ತೀನಿ” ಅಂದಳು. ಆ ಕಾವಲುಗಾರನಿಗೆ ಅಮ್ಮ ಇದ್ದಾಳೆಂದು, ಅವನನ್ನು ಸೃಷ್ಟಿಸಿದ ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.