ಶ್ರೀಪೆರುಂಬೂದೂರಿನಲ್ಲಿ ಎರಡು ದಿನ

ಯಾತ್ರೆಯೆಂದರೆ ಕ್ಷೇತ್ರದರ್ಶನ, ತೀರ್ಥಸ್ನಾನ ಎಂಬ ಭಾವನೆಯಲ್ಲಿ ಬೆಳೆದ ನಾವು ಮೋಟಾರು ಸೈಕಲ್ಲುಗಳ ಪಂದ್ಯವನ್ನು ನೋಡುವುದಕ್ಕೆಂದು ತಮಿಳುನಾಡಿಗೆ ಹೋಗಿಬಂದೆವೆಂದರೆ ವಾಚಕಮಹಾಶಯರು ನಗಬಹುದು. ಹೋದದ್ದು ನಿಜ. 2024ರಲ್ಲಿ ಒಂದು ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಸೋಮವಾರ ಬೆಳಗ್ಗೆ ಮನೆ ಸೇರಿದೆವು. ಕರೆದುಕೊಂಡು ಹೋದವನು ನಮ್ಮ ಮಗ. ನಮಗೆ ತಡವಾಗಿ ಹುಟ್ಟಿದವನು; ಆಗ ಅವನಿಗೆ ಹದಿನೇಳು ವರ್ಷ.

ಅದಕ್ಕೆ ಒಂದು ತಿಂಗಳ ಹಿಂದೆ ಅವನು ಒಂದು ಅರ್ಜಿಯ ನಮೂನೆಯನ್ನು ತಂದು ನಮ್ಮ ಮುಂದಿಟ್ಟಿದ್ದನು. ಪಂದ್ಯದ ಪಥದ ಮೇಲೆ ಸವಾರಿ ಕಲಿಸುವ ತರಬೇತಿಗೆ ಸೇರಬೇಕಂತೆ. ಹದಿನೆಂಟು ತುಂಬದವನಾದುದರಿಂದ ತಂದೆತಾಯಿಗಳಿಬ್ಬರ ರುಜು ಬೇಕಂತೆ. ನಾವು ಮೂವತ್ತನಾಲ್ಕು ವರ್ಷ ಉಪಾಧ್ಯಾಯವೃತ್ತಿಯಲ್ಲಿ ಇದ್ದವರು. ಆ ಅವಧಿಯಲ್ಲಿ, ಮೋಟಾರು ಸೈಕಲ್ಲಿನಿಂದ ಬಿದ್ದು ಸತ್ತ ವಿದ್ಯಾರ್ಥಿಗಾಗಿ ಮಕ್ಕಳನ್ನೆಲ್ಲ ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಮೌನವನ್ನಾಚರಿಸಿದ್ದು ಮೂರು ಸಲ. ಭಾಷೆಯ ಉಪಾಧ್ಯಾಯರೆಂಬ ಕಾರಣದಿಂದ ಮೂರು ಸಲವೂ ಸಂತಾಪಸೂಚನೆಯನ್ನು ಬರೆದವರು ನಾವೇ. ಮೂರನೆಯ ಸಲ ಬರೆಯಲು ಕೈ ಬರಲಿಲ್ಲ; ಹಳೆಯದನ್ನೇ ಹೆಸರು ಬದಲಿಸಿ ಓದಿದೆವು. ಆದುದರಿಂದ ಮಗನಿಗೆ "ಆಗದು" ಎಂದೆವು. ಅವನು ವಾದಿಸಲಿಲ್ಲ. "ಒಂದು ಸಲ ಬಂದು ನೋಡಿ ಅಪ್ಪ, ಆಮೇಲೆ ಬೇಡ ಅನ್ನಿ" ಎಂದನು. ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳದೆ ಸಿದ್ಧಾಂತವನ್ನು ಹೇಳಬಾರದೆಂದು ತರಗತಿಯಲ್ಲಿ ಪಾಠ ಮಾಡಿದವರಿಗೆ ಇದಕ್ಕೆ ಉತ್ತರವಿರಲಿಲ್ಲ. ಅಲ್ಲದೆ ಪಂದ್ಯದ ಸ್ಥಳವಾದ ಇರುಂಗಾಟ್ಟುಕೋಟ್ಟೈ ಇರುವುದು ಶ್ರೀಪೆರುಂಬೂದೂರಿನ ಮಗ್ಗುಲಲ್ಲಿ. ಅದು ರಾಮಾನುಜಾಚಾರ್ಯರ ಜನ್ಮಭೂಮಿ. ಹುಡುಗನು ಇದನ್ನೂ ಲೆಕ್ಕಹಾಕಿಯೇ ಕೇಳಿದ್ದನೆಂದು ತೋರುತ್ತದೆ.

ರಾತ್ರಿಯ ಬಸ್ಸು. ಹೊಸೂರು ದಾಟುವಾಗ, ಅಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸುವ ಟಿ.ವಿ.ಎಸ್. ಕಂಪನಿಯವರು 1982ರಿಂದ ಪಂದ್ಯಗಳಲ್ಲಿ ಇದ್ದಾರೆಂದು ಮಗ ಹೇಳಿದನು. ನಾವೂ ಸುಮ್ಮನಿರಲಾರದೆ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಸಂಗತಿಯನ್ನು ತೆಗೆದೆವು. 1961ರಲ್ಲಿ ಜಯಚಾಮರಾಜ ಒಡೆಯರ ಹಸ್ತದಿಂದ ಆರಂಭವಾಗಿ, ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ಗಾಡಿಗಳನ್ನು ಮಾಡಿ, 1996ರಲ್ಲಿ ಮುಚ್ಚಿಹೋದ ಕಾರ್ಖಾನೆ ಅದು. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಆ ಗಾಡಿಯ ಡಬಡಬ ಶಬ್ದ ಕೇಳಿದರೆ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತುತ್ತಿದ್ದೆವು. ಮಗನು ಆಶ್ಚರ್ಯದಿಂದ, "ನೀವು ಓಡಿಸಿದ್ದೀರಾ?" ಎಂದನು. ಇಲ್ಲ, ಒಂದು ಸಲ ಹಿಂದೆ ಕುಳಿತಿದ್ದೆವು, ಅಷ್ಟೆ. ಚೆನ್ನಾಗಿತ್ತೆಂಬುದನ್ನು ಮಾತ್ರ ಆಗ ಹೇಳಲಿಲ್ಲ. ನಡುರಾತ್ರಿಯ ಮೇಲೆ ಚರ್ಮ ಹದಮಾಡುವ ಊರಾದ ಆಂಬೂರಿನ ವಾಸನೆ ಕಿಟಕಿಯಿಂದ ಬಂದಾಗ ಅವನು ನಿದ್ದೆಹೋಗಿದ್ದನು.

ಶ್ರೀಪೆರುಂಬೂದೂರಿನಲ್ಲಿ ಇಳಿದು, ಸ್ನಾನ ಉಪಾಹಾರಗಳನ್ನು ಮುಗಿಸಿ, ಆಟೋದಲ್ಲಿ ಪಥದ ಬಳಿಗೆ ಹೋದೆವು. ಮದರಾಸು ಸೀಮೆಯ ಪಂದ್ಯಗಳು ಮೊದಲು ನಡೆಯುತ್ತಿದ್ದುದು ಶೋಳವರಂ ಎಂಬಲ್ಲಿ, ಎರಡನೆಯ ಮಹಾಯುದ್ಧಕಾಲದ ಒಂದು ವಿಮಾನಪಟ್ಟಿಯ ಮೇಲೆ. ಆಮೇಲೆ ಮದರಾಸು ಮೋಟಾರು ಸ್ಪೋರ್ಟ್ಸ್ ಕ್ಲಬ್ಬಿನವರು ತಮ್ಮದೇ ಪಥವನ್ನು ಇಲ್ಲಿ ಕಟ್ಟಿಸಿದರು. ಅದು 1990ರಲ್ಲಿ ಬಳಕೆಗೆ ಬಂದಿತು. ಒಂದು ಸುತ್ತಿಗೆ 3.717 ಕಿಲೋಮೀಟರು, ಹನ್ನೆರಡು ತಿರುವು. ಮಹೋತ್ಸವದ ಜನಸಂದಣಿಯನ್ನು ನಿರೀಕ್ಷಿಸಿದ್ದ ನಮಗೆ ಕಂಡದ್ದು ಬಿಸಿಲು, ಸುಟ್ಟ ರಬ್ಬರಿನ ವಾಸನೆ, ಬಿಳಿ ಬಟ್ಟೆಯ ಟೋಪಿ ಹಾಕಿದ ಕೆಲವು ನೂರು ಮಂದಿ. ಅವರಲ್ಲಿ ಹೆಚ್ಚಿನವರು ಸವಾರರ ನಂಟರಿಷ್ಟರೇ.

ಕೆಂಪು ದೀಪಗಳು ಆರಿದೊಡನೆ ಇಪ್ಪತ್ತಕ್ಕೆ ಮೇಲ್ಪಟ್ಟ ಗಾಡಿಗಳು ಒಟ್ಟಿಗೆ ಕೂಗಿದುವು. ನಮ್ಮ ಎದೆಯೊಳಗೆ ತಮಟೆ ಬಡಿದಂತಾಯಿತು. 165 ಸಿ.ಸಿ.ಯ ಗಾಡಿಗಳು, ನಮ್ಮ ಬೀದಿಯಲ್ಲಿ ಹಾಲಿನವನು ಓಡಿಸುವುದಕ್ಕಿಂತ ಅಷ್ಟೇನೂ ದೊಡ್ಡವಲ್ಲ. ಆದರೂ ಒಂದು ಸುತ್ತು ಬರುವುದಕ್ಕೆ ಹಿಡಿದದ್ದು ಸುಮಾರು ಎರಡು ನಿಮಿಷ. ಎಂದರೆ ಗಂಟೆಗೆ 110 ಕಿಲೋಮೀಟರಿನ ಸರಾಸರಿ, ಅದೂ ಹನ್ನೆರಡು ತಿರುವುಗಳನ್ನು ಸೇರಿಸಿ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ವೇಗವಲ್ಲ, ತಿರುವು. ಸವಾರನು ಆಸನದಿಂದ ಅರ್ಧ ಜಾರಿ, ಮೊಣಕಾಲನ್ನು ನೆಲಕ್ಕೆ ಸೋಕಿಸಿಕೊಂಡು, ಬಿದ್ದೇಬಿಟ್ಟನೆಂಬಷ್ಟು ವಾಲಿ, ಬೀಳದೆ ಏಳುತ್ತಾನೆ. ಹೇಗೆ ಬೀಳುವುದಿಲ್ಲವೆಂದು ಕೇಳಿದೆವು. ಮಗನು ಕಡಲೆಕಾಯಿಯ ಪೊಟ್ಟಣದ ಕಾಗದವನ್ನು ಬಿಡಿಸಿ ಚಿತ್ರ ಬರೆದನು. ಗಾಡಿ ತಿರುಗುವಾಗ ಟೈರು ನೆಲವನ್ನು ಕಚ್ಚಿ ಅದನ್ನು ಒಳಕ್ಕೆ ಎಳೆಯುತ್ತದೆ. ನೆಟ್ಟಗೆ ನಿಂತಿದ್ದರೆ ಆ ಎಳೆತಕ್ಕೆ ಗಾಡಿ ಹೊರಗಡೆಗೆ ಮಗುಚುವುದು. ಒಳಗಡೆಗೆ ವಾಲಿದರೆ ತೂಕವೂ ಎಳೆತವೂ ಒಂದನ್ನೊಂದು ತೂಗುತ್ತವೆ. 45 ಅಂಶ ವಾಲಿದರೆ ಎರಡೂ ಸಮಸಮ. ಗಂಟೆಗೆ 90 ಕಿಲೋಮೀಟರಿನಲ್ಲಿ ಹಾಗೆ ವಾಲಿದವನು ಸುಮಾರು 64 ಮೀಟರು ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಾನೆ. ಮೈಯನ್ನು ಒಳಕ್ಕೆ ಜಾರಿಸುವುದು ಗಾಡಿಯ ವಾಲನ್ನು ಕಡಿಮೆಮಾಡುವುದಕ್ಕಂತೆ. ಬಲಕ್ಕೆ ತಿರುಗಬೇಕಾದವನು ಬಲಗೈಯ ಹಿಡಿಯನ್ನು ಮುಂದಕ್ಕೆ ತಳ್ಳುತ್ತಾನಂತೆ! ಗಾಲಿ ಕ್ಷಣಕಾಲ ಎಡಕ್ಕೆ ಹೋಗಿ ಗಾಡಿಯನ್ನು ಬಲಕ್ಕೆ ಕೆಡವುತ್ತದೆ. ಗಣಿತದಲ್ಲಿ ನೂರಕ್ಕೆ ನಲವತ್ತೆರಡು ತೆಗೆದ ಹುಡುಗ ಇವನೇ ಏನು ಎಂದು ನಾವು ಅವನ ಮುಖವನ್ನು ನೋಡಿದೆವು.

ನಾಲ್ಕನೆಯ ಪಂದ್ಯದಲ್ಲಿ ಒಬ್ಬನು ಬಿದ್ದನು. ಮುಂದಿನ ಗಾಲಿ ಜಾರಿತು. ಗಾಡಿ ಒಂದು ಕಡೆ, ಸವಾರ ಒಂದು ಕಡೆ ಹುಲ್ಲಿನ ಮೇಲೆ ಉರುಳಿದರು. ಹಳದಿ ಬಾವುಟಗಳು ಆಡಿದುವು. ಆ ಬಾವುಟ ಇರುವಲ್ಲಿ ಯಾರೂ ಯಾರನ್ನೂ ಹಿಂದೆ ಹಾಕಕೂಡದು. ಕಾವಲಿನವರು ಓಡಿದರು. ಹುಡುಗ ತಾನೇ ಎದ್ದು, ಹೆಲ್ಮೆಟ್ಟನ್ನು ತಟ್ಟಿ ನೋಡಿಕೊಂಡು, ಕುಂಟುತ್ತ ಬೇಲಿಯ ಆಚೆಗೆ ನಡೆದನು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ತಟ್ಟಲಾಗಲಿಲ್ಲ, ನಮ್ಮ ಕೈ ಮಗನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಯಾವಾಗ ಹಿಡಿದೆವೋ ತಿಳಿಯದು.

ಹೆಲ್ಮೆಟ್ಟಿನ ವಿಷಯದಲ್ಲಿ ಒಂದು ಮಾತು. ಅರೇಬಿಯದ ಲಾರೆನ್ಸ್ ಎಂದು ಪ್ರಸಿದ್ಧನಾದ ಆಂಗ್ಲನು 1935ರಲ್ಲಿ ತನ್ನ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಯ ಪೆಟ್ಟಿನಿಂದ ಆರು ದಿನಗಳ ಮೇಲೆ ತೀರಿಹೋದನು. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸ್ ಆ ಬಗೆಯ ಪೆಟ್ಟುಗಳನ್ನೇ ಅಭ್ಯಾಸಮಾಡಿ, 1941ರಲ್ಲಿ ಶಿರಸ್ತ್ರಾಣದ ಅಗತ್ಯವನ್ನು ಕುರಿತು ಲೇಖನ ಬರೆದನು. ನಮ್ಮ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬನ ತಲೆಯ ಮೇಲೂ ಅದು ಇರಲಿಲ್ಲ. ಇಲ್ಲಿ ಹೆಲ್ಮೆಟ್ಟು, ಅಡಿಯಿಂದ ಮುಡಿಯವರೆಗೆ ಚರ್ಮದ ಕವಚ, ಬೆನ್ನಿಗೆ ಬೇರೆ ರಕ್ಷೆ. ಎದುರಿನಿಂದ ಲಾರಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಕುಡಿದವನು ಬರುವುದಿಲ್ಲ. ರಸ್ತೆಗಿಂತ ಇದು ಮೇಲೆಂದು ಅಂದು ಸಂಜೆ ನಾವು ಒಪ್ಪಿಕೊಂಡೆವು.

ಊಟದ ಹೋಟೆಲಿನಲ್ಲಿ, ಎಲೆಯ ಮುಂದೆ ಕುಳಿತಾಗ, ಮಗನೇ ಹೇಳಿದನು: "ಅಪ್ಪ, ಒಂದು ವಿಷಯ ನಿಮಗೆ ಹೇಳಿಲ್ಲ. ಇದೇ ಪಥದಲ್ಲಿ 2023ರ ಆಗಸ್ಟ್ 5ರಂದು ಒಬ್ಬ ಹುಡುಗ ತೀರಿಹೋದ. ನಮ್ಮ ಬೆಂಗಳೂರಿನವನೇ. ಹದಿಮೂರು ವರ್ಷ." ಆ ವರ್ಷದ ಜನವರಿಯಲ್ಲಿ ಇಲ್ಲಿಯೇ ಕಾರಿನ ಪಂದ್ಯದಲ್ಲಿ ಐವತ್ತೊಂಬತ್ತು ವರ್ಷದ ಅನುಭವಿಯೊಬ್ಬರೂ ತೀರಿಕೊಂಡಿದ್ದರಂತೆ. ನಾವು ಮಾತನಾಡಲಿಲ್ಲ. ಹೇಳದೆ ಇದ್ದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೆ ಬಹುಶಃ ಆ ರಾತ್ರಿಯೇ ರುಜು ಹಾಕುತ್ತಿದ್ದೆವು. ಇದು ಅವನಿಗೂ ಗೊತ್ತಿತ್ತು.

ಭಾನುವಾರ ಪ್ರಾತಃಕಾಲ ಆದಿಕೇಶವಪೆರುಮಾಳರ ಗುಡಿಗೆ ಹೋದೆವು. ಇಲ್ಲಿಯ ರಾಮಾನುಜರ ಮೂರ್ತಿಗೆ, ಅವರು ತಾವೇ ಮೆಚ್ಚಿದ ವಿಗ್ರಹವೆಂದು ಹೆಸರು. ನಮ್ಮ ಮೇಲುಕೋಟೆಯಲ್ಲಿರುವುದು ಅವರ ಜನರು ಮೆಚ್ಚಿದ್ದು; ಆಚಾರ್ಯರು ಆ ಊರನ್ನು ಬಿಟ್ಟು ಹೊರಟಾಗ ಅಗಲಲಾರದ ಶಿಷ್ಯರಿಗಾಗಿ ಬಿಟ್ಟುಹೋದದ್ದೆಂದು ಸಂಪ್ರದಾಯ. ಮೇಲುಕೋಟೆಯದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಇದನ್ನು ಕಂಡದ್ದು ಅದೇ ಮೊದಲು. ಮಗನು ತೀರ್ಥ ತೆಗೆದುಕೊಂಡು ಗಡಿಯಾರ ನೋಡಿದನು.

ಮಧ್ಯಾಹ್ನ ಹುಡುಗಿಯರ ಪಂದ್ಯವಿತ್ತು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮರುಭೂಮಿ ಮುಂತಾದ ಕಾಡುದಾರಿಗಳ ಬಾಹಾ ಪಂದ್ಯಗಳಲ್ಲಿ ಮಹಿಳೆಯರ ವಿಶ್ವಕಪ್ಪನ್ನು ಗೆದ್ದ ಸಂಗತಿಯನ್ನು ಮಗನಿಂದ ಕೇಳುತ್ತ, ಗಾಡಿಗಳನ್ನು ಸಜ್ಜುಮಾಡುವ ಕಟ್ಟಡದ ಹಿಂದೆ ನೆರಳಿಗೆ ನಿಂತೆವು. ಅಲ್ಲಿ ನಮ್ಮ ವಯಸ್ಸಿಗಿಂತ ಕಿರಿಯರಾದ ಒಬ್ಬರು ಪಥಕ್ಕೆ ಬೆನ್ನುಮಾಡಿ, ಗೋಡೆಯನ್ನು ನೋಡುತ್ತ ನಿಂತಿದ್ದರು. ನಮ್ಮ ಕನ್ನಡ ಕಿವಿಗೆ ಬಿದ್ದು ತಿರುಗಿದರು. ಅವರ ಮಗಳು ಪಂದ್ಯದಲ್ಲಿದ್ದಳು. "ನೋಡುವುದಿಲ್ಲವೇ?" ಎಂದೆವು. "ಮೂರು ವರ್ಷದಿಂದ ಬರುತ್ತಿದ್ದೇನೆ ಸ್ವಾಮಿ, ಒಂದು ದಿನವೂ ನೋಡಿಲ್ಲ. ಅವಳ ಗಾಡಿಯ ಸದ್ದು ಗುರುತು ಸಿಗುತ್ತದೆ. ಎರಡು ನಿಮಿಷಕ್ಕೊಂದು ಸಲ ಕೇಳಿಸಿದರೆ ಸಾಕು" ಎಂದರು. ಹಾಗೆನ್ನುತ್ತಿರುವಾಗಲೇ ಬೆರಳು ಎತ್ತಿ ನಮ್ಮನ್ನು ಸುಮ್ಮನಿರಿಸಿದರು. ಗಾಡಿಗಳು ಗುಂಪಾಗಿ ಕೂಗಿಕೊಂಡು ಹೋದುವು. ಅವರು ಬೆರಳನ್ನು ಇಳಿಸಿದರು. "ಹಾಗಾದರೆ ಬಿಡಿಸಬಾರದೇ?" ಎಂದು ನಾವು ಕೇಳಿದೆವು. ಅವರು ಉತ್ತರ ಹೇಳುವಷ್ಟರಲ್ಲಿ ಮುಂದಿನ ಸುತ್ತಿನ ಸಮಯವಾಗಿತ್ತು.

ಮಗಳು ಐದನೆಯವಳಾಗಿ ಬಂದಳು. ಹೆಲ್ಮೆಟ್ಟು ತೆಗೆದಾಗ ಕೂದಲು ಬೆವರಿನಲ್ಲಿ ಅಂಟಿತ್ತು. ಮುಖದಲ್ಲಿದ್ದ ಸಂತೋಷವನ್ನು ನಾವು ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಕೂಡ ಹೆಚ್ಚಾಗಿ ಕಂಡವರಲ್ಲ. ತಂದೆ ಅವಳ ಕೈಗೆ ನೀರಿನ ಸೀಸೆ ಕೊಟ್ಟು, "ಮೂರನೆಯ ಸುತ್ತಿನಲ್ಲಿ ಯಾಕೆ ತಡಮಾಡಿದೆ?" ಎಂದು ಗದರಿದರು.

ರಾತ್ರಿಯ ಬಸ್ಸಿನಲ್ಲಿ ಮಗನು ಅರ್ಜಿಯ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ. ಅವನು ಮಲಗಿದ ಮೇಲೆ ಚೀಲದಿಂದ ತೆಗೆದು, ವಾಲಾಜಾಪೇಟೆಯಲ್ಲಿ ಬಸ್ಸು ನಿಂತಾಗ ಅಂಗಡಿಯ ಬೆಳಕಿನಲ್ಲಿ ತಂದೆಯೆಂಬ ಕಡೆ ರುಜು ಹಾಕಿದೆವು. ಕೈ ನಡುಗಿ ಅಕ್ಷರ ಸೊಟ್ಟಗಾಯಿತು. ಬೆಳಗ್ಗೆ ಮನೆಯಲ್ಲಿ ಅವನ ತಾಯಿಯ ಕೈಗೆ ಕೊಟ್ಟು, ಕಂಡದ್ದು ಕೇಳಿದ್ದು ಎಲ್ಲವನ್ನೂ, 2023ರದನ್ನೂ ಮುಚ್ಚಿಡದೆ ಹೇಳಿದೆವು. ಆಕೆ ಕಾಗದವನ್ನು ಎರಡು ಸಲ ಓದಿ, ಮಡಿಚಿ, ದೇವರ ಗೂಡಿನಲ್ಲಿ ಪಂಚಾಂಗದ ಕೆಳಗೆ ಇಟ್ಟು, ಮಗನಿಗೆ ಎಣ್ಣೆಸ್ನಾನಕ್ಕೆ ನೀರು ಕಾಯಿಸಲು ಹೋದಳು. ಕಾಗದ ಇನ್ನೂ ಅಲ್ಲಿಯೇ ಇದೆ.