ನಂಜನಗೂಡಿನಲ್ಲಿ ವಿಶ್ರಾಂತಿವಾಸ

ಉದ್ಯೋಗದಿಂದ ನಿವೃತ್ತರಾದ ಗೃಹಸ್ಥರಲ್ಲಿ ಅನೇಕರು, ಪುಣ್ಯಕ್ಷೇತ್ರವೂ ನದೀತೀರವೂ ಒಂದೆಡೆ ದೊರೆತರೆ ಅಲ್ಲಿಯೇ ಶೇಷಾಯುಷ್ಯವನ್ನು ಕಳೆಯಬೇಕೆಂದು ಹಂಬಲಿಸುವುದುಂಟು. ಮೈಸೂರಿಗೆ ದಕ್ಷಿಣದಲ್ಲಿ, ಸುಮಾರು 23 ಕಿಲೋಮೀಟರ್ ದೂರದಲ್ಲಿ, ಕಪಿಲಾನದಿಯ ದಡದಲ್ಲಿರುವ ನಂಜನಗೂಡು ಈ ಹಂಬಲಕ್ಕೆ ಹೇಳಿ ಮಾಡಿಸಿದಂತಿದೆ. ಶ್ರೀಕಂಠೇಶ್ವರನ ಸನ್ನಿಧಿಯೂ ಒಂಬತ್ತು ನೆಲೆಯ ಗೋಪುರವೂ ಯಾರ ಮನಸ್ಸನ್ನಾದರೂ ಸೆಳೆಯತಕ್ಕವು. ನಂಜನ್ನುಂಡ ದೇವರಾದುದರಿಂದ ರೋಗಪೀಡಿತರು ಇಲ್ಲಿಗೆ ಹರಕೆ ಹೊತ್ತು ಬರುವುದು ಹಿಂದಿನಿಂದಲೂ ನಡೆದುಬಂದಿದೆ. ಮನೆಬಾಡಿಗೆ ಮೈಸೂರಿಗಿಂತ ಹಗುರ. ಮೈಸೂರಿಗೆ ಹೋಗಿಬರಲು ರೈಲೂ ಬಸ್ಸೂ ಉಂಟು. 2023ರಲ್ಲಿ ಸರ್ಕಾರವು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಏರ್ಪಡಿಸಿದ ಮೇಲೆ, ದಂಪತಿಗಳು ಕೂಡಿ ಹೊರಟರೂ ಟಿಕೆಟ್ಟಿನ ಖರ್ಚು ಯಜಮಾನರೊಬ್ಬರದೇ!

ಇಷ್ಟನ್ನು ಕಂಡು ಮರುಳಾಗಿ ಹೊಳೆಯ ಸಮೀಪದ ಮನೆಗೆ ಮುಂಗಡ ಕೊಡುವವರು ಕೊಂಚ ತಾಳತಕ್ಕದ್ದು. ಕಪಿಲೆಯು ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಸುರಿದು ಬೀಚನಹಳ್ಳಿಯ ಕಬಿನಿ ಜಲಾಶಯವು ತುಂಬಿತೆಂದರೆ ನೀರನ್ನು ಹೊರಕ್ಕೆ ಬಿಡಲೇಬೇಕು. ಆದಕಾರಣ ನಂಜನಗೂಡಿನಲ್ಲಿ ಹನಿ ಮಳೆಯಿಲ್ಲದೆ ಬಿಸಿಲು ಕಾಯುತ್ತಿರುವಾಗಲೂ ಹೊಳೆಯು ಏರಿ ಬರಬಹುದು. 2018 ಮತ್ತು 2019ರ ಮಳೆಗಾಲಗಳಲ್ಲಿ ಹೀಗೆಯೇ ಪ್ರವಾಹವುಂಟಾಗಿ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರಿನ ಹೆದ್ದಾರಿಯೇ ಮುಳುಗಿ ಸಂಚಾರವು ನಿಂತಿತು.

ಮನೆಗೆ ನೀರು ನುಗ್ಗುವುದಕ್ಕಿಂತಲೂ ಈ ದಾರಿ ಕಟ್ಟುವುದೇ ವೃದ್ಧರಿಗೆ ಹೆಚ್ಚು ಭಯಾಸ್ಪದವೆಂದು ನನ್ನ ಅಭಿಪ್ರಾಯ. ಸಾಮಾನ್ಯ ಕಾಯಿಲೆಗಳಿಗೆ ಊರಿನ ಸಾರ್ವಜನಿಕ ಆಸ್ಪತ್ರೆಯುಂಟು. ಹೃದ್ರೋಗದ ವಿಶೇಷ ಚಿಕಿತ್ಸೆಗಾದರೋ ಮೈಸೂರಿನ ಜಯದೇವ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ಎದೆನೋವು ಬಂದಾಗ ಒಂದೊಂದು ಗಳಿಗೆಯೂ ಅಮೂಲ್ಯ. ವಾನಪ್ರಸ್ಥರನ್ನು ಕಾಡಿಗೆ ಕಳುಹಿದ ನಮ್ಮ ಸ್ಮೃತಿಕಾರರು, ಅರ್ಧರಾತ್ರಿಯಲ್ಲಿ ವೈದ್ಯನನ್ನು ಎಲ್ಲಿಂದ ಕರೆತರಬೇಕೆಂಬ ವಿಚಾರಕ್ಕೆ ಕೈ ಹಾಕಲಿಲ್ಲ. ಇಂದಿನ ಗೃಹಸ್ಥನು ಮಾತ್ರ ಆ ವಿಚಾರವನ್ನು ಬಿಡುವಂತಿಲ್ಲ.

ಹಾಗೆಂದು ಈ ಊರು ಬೇಡವೆಂದು ನಾನು ಹೇಳುವವನಲ್ಲ. ಸ್ವಂತ ಮನೆಯನ್ನು ಮಾರಿಕೊಂಡು ಬರದೆ, ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿರಿ. ಕರಾರುಪತ್ರವನ್ನು ಹನ್ನೊಂದು ತಿಂಗಳಿಗೆ ಬರೆಯುವುದು ರೂಢಿ. ಆ ಅವಧಿಯೊಳಗೆ ಆಷಾಢ ಶ್ರಾವಣಗಳೂ ದೊಡ್ಡ ಜಾತ್ರೆಯೂ ಸೇರುವಂತೆ ನೋಡಿಕೊಳ್ಳತಕ್ಕದ್ದು. ಜಾತ್ರೆಯಲ್ಲಿ ಐದು ರಥಗಳು ಹೊರಡುವ ದಿನ ರಥಬೀದಿಯ ಜನಸಂದಣಿಯನ್ನು ದಾಟಿ ಔಷಧದ ಅಂಗಡಿಗೆ ಹೋಗಬಲ್ಲೆವೇ ಎಂಬುದೂ ಆಗ ತಿಳಿಯುವುದು. ಮನೆ ನೋಡಲು ಹೋದಾಗ ಮಾಲೀಕರನ್ನು ಕೇಳುವುದರ ಜೊತೆಗೆ, ನೆರೆಮನೆಯ ಮುದುಕಿಯನ್ನೂ ಕೇಳಿರಿ: “2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತಮ್ಮ?” ಆಕೆ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದರೆ ನಮಸ್ಕರಿಸಿ ಮುಂದಿನ ಬೀದಿಗೆ ನಡೆಯಿರಿ. ಎತ್ತರದ ಕಡೆಯ ಮನೆಗೆ ತಿಂಗಳಿಗೆ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಅಲ್ಲಿಂದ ದೇವಾಲಯಕ್ಕೆ ಹೋಗುವಾಗ ಇಳಿಜಾರು. ಮಂಗಳಾರತಿ ಮುಗಿಸಿ ಏರು ಹತ್ತಿ ಬರುವುದಕ್ಕೆ ಆಟೋರಿಕ್ಷಾ ಸಿಗುತ್ತದೆ.