ಕಡಲಿಗಿಳಿದ ವಿಂಧ್ಯಗಿರಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ – ನಮ್ಮ ಈ ಸೀಮೆಯಲ್ಲಿ ಕೆರೆಗಳುಂಟು, ನಾಲೆಗಳುಂಟು, ಕಾವೇರಿ ಹೇಮಾವತಿಯರುಂಟು, ಕಡಲೊಂದಿಲ್ಲ. ಆದರೂ ಕಡಲಿನ ಯೋಚನೆ ಇಲ್ಲಿಗೆ ಹೊಸದಲ್ಲ. ಟಿಪ್ಪು ಸುಲ್ತಾನನು 1796ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ 20 ಭಾರಿ ಯುದ್ಧನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟಬೇಕೆಂದು ವಿಧಿಸಿದ್ದನು. 1799ರಲ್ಲಿ ಅವನು ಮಡಿದನು. ಯೋಜನೆಯೂ ಕೈಗೂಡದೆ ಹೋಯಿತು.

ಇಂದು ಫ್ರಿಗೇಟೊಂದು ವಿಂಧ್ಯಗಿರಿ ಎಂಬ ಹೆಸರನ್ನು ಹೊತ್ತಿದೆ. ಇದು ಕರ್ನಾಟಕದ ಗಿರಿಯ ಹೆಸರೆಂದು ನೌಕಾಪಡೆ ಹೇಳಿದೆ. ನಮಗೆ ವಿಂಧ್ಯಗಿರಿ ಎಂದರೆ ನಾಗಮಂಗಲ, ಕೃಷ್ಣರಾಜಪೇಟೆಗಳ ನೆರೆಯಲ್ಲಿರುವ ಶ್ರವಣಬೆಳಗೊಳದ ದೊಡ್ಡಬೆಟ್ಟವೇ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಬೆಟ್ಟದ ಹೆಸರು ಯುದ್ಧನೌಕೆಗೆ ಒಪ್ಪುವುದೇ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ಇದೇ ಹೆಸರಿನ ಮೊದಲ ನೌಕೆ ಮುಂಬಯಿಯ ಮಜಗಾಂವ್ ನೌಕಾ ಕಾರ್ಖಾನೆಯಲ್ಲಿ ನಿರ್ಮಾಣವಾಗಿ, 1981ರ ಜುಲೈ 8ರಂದು ಸೇವೆಗೆ ಸೇರಿತು. ಬ್ರಿಟಿಷರ ಲಿಯಾಂಡರ್ ಮಾದರಿಯನ್ನು ನಮ್ಮವರು ತಿದ್ದಿ ಕಟ್ಟಿದ ಹಡಗು ಅದು. ಉದ್ದ 113 ಮೀಟರು, ಉಗಿಯಂತ್ರದ ಚಾಲನೆ. ಜಲಾಂತರ್ಗಾಮಿಗಳನ್ನು ಹುಡುಕುವ ಭಾರಿ ಸೀಕಿಂಗ್ ಹೆಲಿಕಾಪ್ಟರನ್ನು ಇರಿಸಿಕೊಳ್ಳುವಂತೆ ಅದರ ಹಿಂಭಾಗವನ್ನು ಮಾರ್ಪಡಿಸಿದ್ದರು. ಮೂವತ್ತು ವರ್ಷ ದುಡಿದ ಆ ನೌಕೆಗೆ 2011ರ ಜನವರಿ 30ರಂದು ಮುಂಬಯಿ ಬಂದರಿನ ಬಳಿ ಸರಕು ಹಡಗೊಂದು ಡಿಕ್ಕಿ ಹೊಡೆಯಿತು. ಬೆಂಕಿ ಹೊತ್ತಿತು. ಒಳಗಿದ್ದವರೆಲ್ಲರೂ ಸುರಕ್ಷಿತವಾಗಿ ಹೊರಬಂದರು. ನೌಕೆ ಮಾತ್ರ ಉಳಿಯಲಿಲ್ಲ. ಬೆಂಕಿಯನ್ನು ನಂದಿಸಲು ಸುರಿದ ನೀರೂ ಒಡಲಲ್ಲಿ ತುಂಬಿ, ಮರುದಿನ ಅದು ದಡದ ಪಕ್ಕದಲ್ಲಿಯೇ ಮುಳುಗಿತು. ಶತ್ರುವಿನ ಗುಂಡಿಗೆ ಸಿಗದ ಹಡಗು ತವರಿನ ಅಂಗಳದಲ್ಲಿ ನೀರುಪಾಲಾದುದು ಎಂತಹ ವಿಧಿ! ಬಳಿಕ ಅದನ್ನು ಮೇಲೆತ್ತಿ, 2012ರ ಜೂನ್ 11ರಂದು ಸೇವೆಯಿಂದ ಬೀಳ್ಕೊಟ್ಟರು.

ಹೆಸರು ಮುಳುಗಲಿಲ್ಲ. 2023ರ ಆಗಸ್ಟ್ 17ರಂದು ಕೋಲ್ಕತ್ತದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಹೊಸ ವಿಂಧ್ಯಗಿರಿಯನ್ನು ಹೂಗ್ಲಿ ನದಿಗಿಳಿಸಿದರು. ಇದರ ರಚನೆಯಲ್ಲಿ ಮುಖ್ಯವಾದುದು ಮರೆಯಾಗುವ ಗುಣ. ರೇಡಾರಿನ ಅಲೆಗಳು ಬಂದ ದಾರಿಯಲ್ಲಿಯೇ ಹಿಂದಿರುಗದೆ ಬೇರೆಡೆಗೆ ಚದುರಲೆಂದು ಇದರ ಮೈಯ ಗೋಡೆಗಳನ್ನು ಓರೆಯಾಗಿ ಕಟ್ಟಿದ್ದಾರೆ. ಕ್ಷಿಪಣಿಗಳನ್ನು ಹೊರಗೆ ತೋರದಂತೆ ಅಟ್ಟದ ಕೆಳಗೆ ಅಡಗಿಸಿದ್ದಾರೆ. ಗೊಮ್ಮಟನಾದರೋ ಮರೆಯಿಲ್ಲದೆ, ಉಡುಗೆಯೂ ಇಲ್ಲದೆ, ಹರದಾರಿಗಳಾಚೆಯ ನಮ್ಮ ಹೊಲಗಳಿಗೂ ಕಾಣುವಂತೆ ನಿಂತಿದ್ದಾನೆ!

ಆದರೂ ಹೆಸರು ಸಲ್ಲದೆಂದು ನಾನು ಹೇಳಲಾರೆ. ಫ್ರಿಗೇಟಿನ ಕೆಲಸ ಬಹುಪಾಲು ಕಾವಲು: ದೊಡ್ಡ ನೌಕೆಗಳಿಗೂ ಸರಕು ಹಡಗುಗಳಿಗೂ ಬೆಂಗಾವಲಾಗಿ ಸಾಗುವುದು, ಕಣ್ಣೆವೆ ಮುಚ್ಚದೆ ಕಾಯುವುದು. ಭರತ ಬಾಹುಬಲಿಯರೂ ಸೇನೆಗಳು ಬಡಿದಾಡಿ ಸಾಯದಿರಲೆಂದು ತಾವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಇಳಿದವರಲ್ಲವೇ?

ಮೊನ್ನೆ ಬೆಟ್ಟ ಹತ್ತುವಾಗ ಸುಮ್ಮನೆ ಲೆಕ್ಕ ಹಾಕಿದೆನು. ಹೊಸ ನೌಕೆಯ ಉದ್ದ 149 ಮೀಟರು. ಬಯಲಿನಿಂದ ಬೆಟ್ಟದ ಎತ್ತರ ಸುಮಾರು 470 ಅಡಿ, ಎಂದರೆ 143 ಮೀಟರು. ನೌಕೆಯನ್ನು ನೆಟ್ಟಗೆ ನಿಲ್ಲಿಸಿದರೆ ಬೆಟ್ಟಕ್ಕಿಂತ ತುಸು ಎತ್ತರವೇ. ಆದರೆ ನೆತ್ತಿಯ ಮೇಲಿನ 58 ಅಡಿಯ ಗೊಮ್ಮಟನನ್ನೂ ಸೇರಿಸಿ ಅಳೆದರೆ ನೌಕೆಯೇ ಗಿಡ್ಡ.